ನೋವು ಇಳಿದರೆ ವಿಷ ಇಳಿದಂತಲ್ಲ

ಕರ್ನಾಟಕದ ಗಡಿಗೆ ಹತ್ತಿದ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಹಳ್ಳಿಗಳಲ್ಲಿ ಚೇಳಿನ ಮಂತ್ರ ಹಾಕುವವರಿಗೆ ಇವತ್ತಿಗೂ ಬೇಡಿಕೆ ಇದೆ. ಜನರ ಮೂಢನಂಬಿಕೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಒಂದನ್ನು ಒಪ್ಪಿಕೊಳ್ಳಲೇಬೇಕು: ಅವರ ಮಂತ್ರ ಬಹಳಷ್ಟು ಸಲ ಫಲಿಸಿದಂತೆಯೇ ಕಾಣುತ್ತದೆ. ಕಡಿಸಿಕೊಂಡವರು ರಾತ್ರಿಯೆಲ್ಲ ಹಲ್ಲು ಕಚ್ಚಿ ಒದ್ದಾಡುತ್ತಾರೆ, ನಸುಕಿನಲ್ಲಿ ನಿದ್ದೆ ಹೋಗುತ್ತಾರೆ, ಮರುದಿನ ಹೊತ್ತು ಮುಳುಗುವುದರೊಳಗೆ ಎದ್ದು ದನಕ್ಕೆ ಕಣಿಕೆ ಹಾಕುತ್ತಿರುತ್ತಾರೆ. ಮಂತ್ರದವರಿಗೆ ತೆಂಗಿನಕಾಯಿ, ದಕ್ಷಿಣೆ. ಊರಿಗೆ ಇನ್ನೊಂದು ಸಾಕ್ಷಿ.

ಇದರ ಹಿಂದಿನ ಗುಟ್ಟು ದೊಡ್ಡದೇನಲ್ಲ. ಚೇಳು ಕಡಿಸಿಕೊಂಡವರಲ್ಲಿ ಹೆಚ್ಚಿನವರು ಏನೂ ಮಾಡದಿದ್ದರೂ ಒಂದು ದಿನದೊಳಗೆ ಸುಧಾರಿಸುತ್ತಾರೆ. ಉರಿ ಏರುತ್ತದೆ, ತೊಡೆಸಂದಿಗೋ ಕಂಕುಳಿಗೋ ಹತ್ತುತ್ತದೆ, ತಾನಾಗಿಯೇ ಇಳಿಯುತ್ತದೆ. ಅದು ಇಳಿಯುವ ಹೊತ್ತಿನಲ್ಲಿ ಯಾರು ಏನು ಮಾಡಿರುತ್ತಾರೋ ಕೀರ್ತಿ ಅವರ ಪಾಲು. ಹುಣಸೆ ಬೀಜ ತೇಯ್ದು ಅಂಟಿಸಿದವರು, ಈರುಳ್ಳಿ ತಿಕ್ಕಿದವರು, ಸುಣ್ಣ ಹಚ್ಚಿದವರು, ಬೂದಿ ಊದಿದವರು, ಖಾಸಗಿ ದವಾಖಾನೆಯಲ್ಲಿ ಅಲರ್ಜಿಯ ಸೂಜಿ ಚುಚ್ಚಿ ದುಡ್ಡು ಎಣಿಸಿಕೊಂಡವರು, ಎಲ್ಲರೂ ಈ ಸಾಲಿನಲ್ಲೇ ನಿಲ್ಲುತ್ತಾರೆ. ತೊಂದರೆ ಇರುವುದು ಉಳಿದ ಕೆಲವರದ್ದು. ಅವರ ಲಕ್ಷಣ ಬೇರೆ, ಅವರ ಗಡಿಯಾರವೂ ಬೇರೆ.

ನಮ್ಮ ಈ ಬಯಲುಸೀಮೆಯಲ್ಲಿ ಮುಖ್ಯವಾಗಿ ಕಣ್ಣಿಗೆ ಬೀಳುವುದು ಎರಡು ಬಗೆ. ಕರಿ ಚೇಳು ದೊಡ್ಡದು, ನೋಡಿದರೆ ಎದೆ ಝಲ್ಲೆನ್ನುತ್ತದೆ, ಮುಂದಿನ ಇಕ್ಕಳಗಳು ದಪ್ಪ. ಅದು ಕಡಿದರೆ ನೋವು ಜೋರು, ಜೀವಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ಕೆಂಪು ಚೇಳು ಚಿಕ್ಕದು. ಬಣ್ಣ ಕಿತ್ತಳೆಗೆಂಪಿನಿಂದ ಕಂದಿನವರೆಗೆ ಇರುತ್ತದೆ, ಕಾಲುಗಳು ತುಸು ಬಿಳಿಚು, ಇಕ್ಕಳ ತೆಳ್ಳಗೆ, ಬಾಲ ಮಾತ್ರ ದಪ್ಪ. ವಿಜ್ಞಾನಿಗಳು ಇದನ್ನು ಹೊಟೆಂಟೊಟ್ಟ ಟಾಮುಲಸ್ ಎನ್ನುತ್ತಾರೆ. ಹಳೆಯ ವೈದ್ಯಕೀಯ ಬರಹಗಳಲ್ಲಿ ಇದೇ ಮೆಸೋಬುಥಸ್ ಟಾಮುಲಸ್. ಭಾರತದಲ್ಲಿ ಜನರನ್ನು ಕೊಲ್ಲುವ ಚೇಳು ಎಂದರೆ ಮುಖ್ಯವಾಗಿ ಇದೇ. ಕೊಂಕಣ, ಪಶ್ಚಿಮ ಮಹಾರಾಷ್ಟ್ರ, ಉತ್ತರ ಕರ್ನಾಟಕ, ಆಂಧ್ರ, ತಮಿಳುನಾಡು, ಸೌರಾಷ್ಟ್ರ ಇದರ ನೆಲೆ. ನೋಡಲು ಭಯಂಕರವಾದದ್ದು ಸೌಮ್ಯ, ಬೆರಳುದ್ದದ್ದು ಘಾತುಕ. 'ಸಣ್ಣ ಚೇಳು, ಏನಾಗಲ್ಲ ಬಿಡು' ಎನ್ನುವ ಸಮಾಧಾನದ ಮಾತು ಎಷ್ಟು ತಪ್ಪೆಂಬುದು ಇದರಿಂದಲೇ ಗೊತ್ತಾಗುತ್ತದೆ.

ಜತ್ತದ ಪೂರ್ವ ಭಾಗ, ಅಂದರೆ ಉಮದಿ, ಸಂಖ, ಮಾಡಗ್ಯಾಳದ ಸುತ್ತಲಿನ ಹಳ್ಳಿಗಳು, ಈ ಕೆಂಪು ಚೇಳಿಗೆ ಹೇಳಿ ಮಾಡಿಸಿದ ಜಾಗ. ಕಲ್ಲು, ಮಣ್ಣಿನ ಗೋಡೆ, ಮಾಳಿಗೆ ಮನೆ, ಅದರ ಪಕ್ಕಕ್ಕೆ ಪತ್ರಾಸಿನ ಒಂದು ಖೋಲಿ. ಹಿತ್ತಲಲ್ಲಿ ಕುಳ್ಳಿನ ರಾಶಿ, ಅದರಾಚೆ ಕಣಿಕೆ ಬಣವಿ, ಹೊಲದ ಬದುವಿಗೆ ಒಟ್ಟಿದ ಕಲ್ಲು. ಹಗಲು ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಈ ಎಲ್ಲದರ ಅಡಿಯೂ ತಂಪು. ಚೇಳು ನಿಶಾಚರಿ. ಹಗಲು ಸಂದಿಯಲ್ಲಿದ್ದು ರಾತ್ರಿ ಜಿರಲೆ, ಮಿಡತೆ ಹುಡುಕುತ್ತ ಹೊರಬರುತ್ತದೆ. ಆ ಹೊತ್ತಿಗೇ ಮನೆಮಂದಿ ಸೆಕೆ ತಾಳದೆ ಅಂಗಳದಲ್ಲಿ ಚಾಪೆ ಹಾಸಿರುತ್ತಾರೆ.

ಇನ್ನು ಅದರ ವಿಷ ಮೈಯಲ್ಲಿ ಮಾಡುವ ಕೆಲಸಕ್ಕೆ ಬರೋಣ. ಇದನ್ನು ತಿಳಿದುಕೊಳ್ಳದೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ. ನರದೊಳಗೆ ಸಂದೇಶ ಸಾಗುವುದು ಸೋಡಿಯಂ ಕಣಗಳು ಒಳಹೊಕ್ಕಾಗ. ಸಂದೇಶ ಹೋದ ಕೂಡಲೇ ಆ ದಾರಿ ಮುಚ್ಚಬೇಕು. ಕೆಂಪು ಚೇಳಿನ ವಿಷ ಅದನ್ನು ಮುಚ್ಚಲು ಬಿಡುವುದಿಲ್ಲ, ಬಾಗಿಲ ಸಂದಿನಲ್ಲಿ ಕಲ್ಲಿಟ್ಟ ಹಾಗೆ. ನರಗಳು ಬಿಡುವಿಲ್ಲದೆ ಕೂಗತೊಡಗುತ್ತವೆ. ಮೊದಲು ವಾಂತಿ, ಬಾಯಲ್ಲಿ ಜೊಲ್ಲು, ಬಟ್ಟೆ ಹಿಂಡುವಷ್ಟು ಬೆವರು. ಗಂಡುಮಕ್ಕಳಲ್ಲಿ ಜನನಾಂಗ ತಾನಾಗಿ ನಿಮಿರಿ ನಿಲ್ಲುವುದೂ ಉಂಟು. ತಾಯಂದಿರು ಇದನ್ನು ವೈದ್ಯರ ಮುಂದೆ ಹೇಳಲು ನಾಚುತ್ತಾರೆ. ಆದರೆ ವಿಷ ಮೈಗೆ ಹರಡಿದೆ ಎನ್ನುವುದಕ್ಕೆ ಇಷ್ಟು ಬೇಗ ಸಿಗುವ ಗುರುತು ಬೇರೆ ಕಡಿಮೆ. ಆಮೇಲೆ ಅಡ್ರಿನಲಿನ್, ನಾರಡ್ರಿನಲಿನ್ ಉಕ್ಕುತ್ತವೆ. ರಕ್ತನಾಳಗಳು ಬಿಗಿಯುತ್ತವೆ, ಕೈಕಾಲು ತಣ್ಣಗಾಗುತ್ತವೆ, ರಕ್ತದೊತ್ತಡ ಏರುತ್ತದೆ. ಬಿಗಿದ ನಾಳಗಳಿಗೆ ಎದುರಾಗಿ ರಕ್ತ ದೂಡಿ ದೂಡಿ ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೆಮ್ಮು, ಏದುಸಿರು, ಕೊನೆಗೆ ಬಾಯಲ್ಲಿ ಗುಲಾಬಿ ಬಣ್ಣದ ನೊರೆ. ಕಡಿದ ಅರ್ಧ ತಾಸಿನಿಂದ ಕೆಲವು ತಾಸುಗಳ ಒಳಗೆ ಇದೆಲ್ಲ ಶುರುವಾಗಬಹುದು. ಮಗುವಿಗಾಗಲಿ ಎಂಬತ್ತು ಕಿಲೋ ತೂಗುವ ಗಂಡಸಿಗಾಗಲಿ ಚೇಳು ಕೊಡುವ ವಿಷ ಅಷ್ಟೇ. ಅದನ್ನು ತಾಳಬೇಕಾದ ಮೈ ಮಾತ್ರ ಸಣ್ಣದು. ಸಾಯುವವರಲ್ಲಿ ಮಕ್ಕಳೇ ಹೆಚ್ಚಿರುವುದು ಇದಕ್ಕೇ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ವಿಷ ಮೈಗೇರಿದವರಲ್ಲಿ ಕಡಿದ ಜಾಗದ ನೋವು ಹಲವು ಸಲ ಅಷ್ಟಾಗಿ ಇರುವುದಿಲ್ಲ. ಬರೀ ನೋವಿನಿಂದ ಕಿರುಚುವವರು ಸಾಮಾನ್ಯವಾಗಿ ಬದುಕುತ್ತಾರೆ. ನೋವು ಹಗುರಾಗಿ ಸುಮ್ಮನಾದ ಮಗುವೇ ಅಪಾಯದಲ್ಲಿರಬಹುದು. ನಮ್ಮ ಕಡೆಯ ಮನೆಯಲ್ಲಿ ಅಂಥ ಹೊತ್ತಿನಲ್ಲಿ ನಡೆಯುವ ಮಾತು ಹೀಗಿರುತ್ತದೆ:

"ಈಗ ಹ್ಯಾಂಗೈತವ್ವಾ, ಉರಿ ಇಳೀತೇನು?"

"ಕಮ್ಮಿ ಆಗೇತಿ ಆಯಿ. ಖರೆ ಹುಡುಗ ಭಾಳ ಬೆವರಾಕತ್ತಾನ. ಎರಡ ಸಲ ಕಾರ್ಕೊಂಡ."

"ಬ್ಯಾಸಗಿ ಐತಿ, ಬೆವರದ ಏನ ಮಾಡತೈತಿ. ಉರಿ ಇಳೀತಲ್ಲ, ಮಲಗಸು."

ಈ ಆಯಿ, ಅಂದರೆ ಮನೆಯ ಅಜ್ಜಿ, ಸುಳ್ಳು ಹೇಳುತ್ತಿಲ್ಲ. ಆಕೆ ಕಂಡ ಹತ್ತಾರು ಕಡಿತಗಳಲ್ಲಿ ಉರಿ ಇಳಿದ ಮೇಲೆ ಎಲ್ಲವೂ ಸರಿಹೋಗಿದೆ. ಆಕೆಯ ಅನುಭವವೇ ಆಕೆಗೆ ಮೋಸ ಮಾಡುತ್ತದೆ. ಮಂತ್ರದವನ ಆತ್ಮವಿಶ್ವಾಸವೂ ಇಲ್ಲಿಂದಲೇ ಬಂದದ್ದು. ಅಂಗೈ ಮುಟ್ಟಿ ನೋಡಬೇಕಿದ್ದ ಹೊತ್ತಿನಲ್ಲಿ ನೋವಿನ ವಿಚಾರಣೆ ನಡೆಯುತ್ತದೆ. ಸೆಕೆಯ ರಾತ್ರಿಯಲ್ಲಿ ಬೆವರಿದ ಮಗುವಿನ ಕೈಕಾಲು ತಣ್ಣಗಿದ್ದರೆ ಅದು ಬೇಸಿಗೆಯ ಬೆವರಲ್ಲ. ಈ ಒಂದು ಪರೀಕ್ಷೆಗೆ ಯಂತ್ರ ಬೇಡ, ಓದು ಬೇಡ.

ಚೇಳಿನೊಂದಿಗೆ ಬದುಕಿದ ಜನ ಅದನ್ನು ಬರೀ ಶತ್ರುವಾಗಿ ಕಂಡಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದಲ್ಲಿ ನಾಗರ ಪಂಚಮಿಯಂದು ಕಲ್ಲು ಎತ್ತಿ ಚೇಳು ಹಿಡಿದು ಮೈಮೇಲೆ ಬಿಟ್ಟುಕೊಳ್ಳುವ ಜಾತ್ರೆ ನಡೆಯುತ್ತದೆ. ಕರ್ನೂಲು ಜಿಲ್ಲೆಯ ಕೋಡುಮೂರಿನ ಗುಡ್ಡದಲ್ಲೂ ಶ್ರಾವಣದಲ್ಲಿ ದೇವರಿಗೆ ಚೇಳು ಅರ್ಪಿಸುತ್ತಾರೆ. ಆ ದಿನ ಅದು ಕಡಿಯುವುದಿಲ್ಲ, ಕಡಿದರೂ ಭಂಡಾರ ಸಾಕು ಎನ್ನುವ ನಂಬಿಕೆ ಇದೆ. ನಂಬಿಕೆಯನ್ನು ಅಣಕಿಸಿ ಯಾವ ಆರೋಗ್ಯ ಕಾರ್ಯಕ್ರಮವೂ ಉದ್ಧಾರವಾಗಿಲ್ಲ. ಮಂತ್ರ ಹಾಕಿಸುವುದಿದ್ದರೆ ಗಾಡಿಯಲ್ಲಿ ಕೂತು ಆಸ್ಪತ್ರೆಯ ದಾರಿಯಲ್ಲೇ ಹಾಕಿಸಿ ಎಂದು ಹೇಳುವ ಆಶಾ ಕಾರ್ಯಕರ್ತೆ ನನ್ನ ಲೆಕ್ಕದಲ್ಲಿ ಜಾಣೆ.

ಆಸ್ಪತ್ರೆಗೆ ಹೋದರೆ ಏನು ಸಿಗುತ್ತದೆ? ಈ ಪ್ರಶ್ನೆಗೆ ಜಗತ್ತಿಗೇ ಉತ್ತರ ಕೊಟ್ಟದ್ದು ಇದೇ ಮಹಾರಾಷ್ಟ್ರ, ಸಹ್ಯಾದ್ರಿಯ ಆಚೆ ಬದಿಯ ಕೊಂಕಣ. ಚೇಳು ಕಡಿದವರ ಶ್ವಾಸಕೋಶದಲ್ಲಿ ನೀರು ತುಂಬಿ ಸಾವು ಬರುತ್ತದೆ ಎನ್ನುವ ವರದಿ 1961ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. 1976ರಲ್ಲಿ ರಾಯಗಡ ಜಿಲ್ಲೆಯ ಮಹಾಡ ತಾಲ್ಲೂಕಿನ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಳೆಯ ವೈದ್ಯರೊಬ್ಬರು ಬಂದರು, ಹಿಮ್ಮತರಾವ್ ಬಾವಸ್ಕರ್. ಚೇಳು ಕಡಿದು ಬಂದವರು ಕಣ್ಣೆದುರೇ ಏದುಸಿರು ಬಿಟ್ಟು ಸಾಯುವುದನ್ನು ಅವರು ಕಂಡರು. ಪುಸ್ತಕದಲ್ಲಿ ಇದಕ್ಕೆ ಮದ್ದಿರಲಿಲ್ಲ. ಅವರು ರೋಗಿಗಳ ಪಕ್ಕದಲ್ಲೇ ಕೂತು ನಾಡಿ, ರಕ್ತದೊತ್ತಡ, ಬೆವರು, ಕೈಕಾಲಿನ ತಂಪು ಎಲ್ಲವನ್ನೂ ಗಮನಿಸಿ ಬರೆದಿಟ್ಟರು. ಯಾರು ಅಪಾಯಕ್ಕೆ ಹೋಗುತ್ತಾರೆ ಎಂಬುದನ್ನು ಮೊದಲೇ ಹೇಳಬಲ್ಲ ಲಕ್ಷಣಗಳ ಕುರಿತ ಅವರ ಬರಹವನ್ನು 1982ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆ ಲಾನ್ಸೆಟ್ ಪ್ರಕಟಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಅನುಭವ ಲಾನ್ಸೆಟ್‌ವರೆಗೆ ಹೋಗುವುದು ನಮ್ಮಲ್ಲಿ ದಿನಾ ನಡೆಯುವ ಸಂಗತಿಯಲ್ಲ.

ಮದ್ದು ಸಿಕ್ಕದ್ದೂ ಆ ಗಮನಿಕೆಯಿಂದಲೇ. ನಾಳಗಳು ಬಿಗಿಯುವುದರಿಂದಲೇ ಹೃದಯ ಸೋಲುತ್ತಿದ್ದರೆ ಆ ಬಿಗಿತ ಸಡಿಲಿಸಬೇಕು. ಪ್ರಜೋಸಿನ್ ಎನ್ನುವುದು ಆಗ ರಕ್ತದೊತ್ತಡಕ್ಕೆ ಕೊಡುತ್ತಿದ್ದ ಅಗ್ಗದ ಮಾತ್ರೆ. ನಾರಡ್ರಿನಲಿನ್ ರಕ್ತನಾಳದ ಮೇಲೆ ಹಿಡಿತ ಸಾಧಿಸುವ ಜಾಗವನ್ನೇ ಅದು ತಡೆಯುತ್ತದೆ. ಬಾವಸ್ಕರ್ ಮತ್ತು ಅವರ ಪತ್ನಿ, ವೈದ್ಯೆ ಪ್ರಮೋದಿನಿ ಬಾವಸ್ಕರ್, ಇದರ ಫಲಿತಾಂಶವನ್ನು 1986ರಲ್ಲಿ ಲಾನ್ಸೆಟ್‌ನಲ್ಲೇ ಬರೆದರು. ಗಂಭೀರ ಪ್ರಕರಣಗಳಲ್ಲಿ ಶೇ 30ರ ಆಸುಪಾಸು ಇದ್ದ ಸಾವು ಈ ಮಾತ್ರೆ ಬಂದ ಮೇಲೆ ಅವರ ಆಸ್ಪತ್ರೆಯಲ್ಲಿ ಶೇ 1ರ ಮಟ್ಟಕ್ಕೆ ಇಳಿಯಿತು. ಬಾವಸ್ಕರ್ ಅವರಿಗೆ ಪದ್ಮಶ್ರೀ ಬಂದದ್ದು 2022ರಲ್ಲಿ.

ಚೇಳಿನ ವಿಷಕ್ಕೇ ಎಂದು ಮಾಡಿದ ಪ್ರತಿವಿಷವೂ ಇದೆ. ಮುಂಬೈಯ ಹಾಫ್ಕಿನ್ ಸಂಸ್ಥೆ ಕೆಂಪು ಚೇಳಿನ ವಿಷ ತೆಗೆದು, ಕುದುರೆಗೆ ಸ್ವಲ್ಪ ಸ್ವಲ್ಪವೇ ಕೊಟ್ಟು, ಅದರ ರಕ್ತದಿಂದ ಇದನ್ನು ತಯಾರಿಸಿತು. ಮಾತ್ರೆ ವಿಷದ ಪರಿಣಾಮವನ್ನು ತಡೆಯುತ್ತದೆ, ಪ್ರತಿವಿಷ ವಿಷವನ್ನೇ ಹಿಡಿಯುತ್ತದೆ. ಎರಡನ್ನೂ ಜೊತೆಗೆ ಕೊಟ್ಟರೆ ಏನಾಗುತ್ತದೆ ಎಂದು ಮಹಾಡದಲ್ಲಿ 70 ರೋಗಿಗಳ ಮೇಲೆ ನಡೆದ ಪರೀಕ್ಷೆ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಎರಡೂ ಸಿಕ್ಕ 35 ಜನರಲ್ಲಿ 32 ಮಂದಿ ಹತ್ತು ತಾಸಿನೊಳಗೆ ಪೂರ್ತಿ ಸುಧಾರಿಸಿದ್ದರು. ಬರೀ ಪ್ರಜೋಸಿನ್ ಸಿಕ್ಕ 35ರಲ್ಲಿ ಅಷ್ಟು ಹೊತ್ತಿಗೆ ಸುಧಾರಿಸಿದವರು 8 ಮಂದಿ. ಆಮೇಲೆ ಪುದುಚೇರಿಯ ಸರ್ಕಾರಿ ಆಸ್ಪತ್ರೆ ಜಿಪ್ಮರ್‌ನಲ್ಲಿ ಮಕ್ಕಳ ಮೇಲೂ ಇದೇ ಬಗೆಯ ಪರೀಕ್ಷೆ ನಡೆಯಿತು. ಇಲ್ಲಿ ಒಂದು ಎಚ್ಚರಿಕೆ: ಆಸ್ಪತ್ರೆಯ ಫ್ರಿಜ್‌ನಲ್ಲಿರುವ ಹಾವಿನ ಪ್ರತಿವಿಷ ಚೇಳಿಗೆ ನಡೆಯುವುದಿಲ್ಲ. ಅದು ನಾಗರ, ಕಟ್ಟಹಾವು, ಮಂಡಲ, ಗರಗಸ ಮಂಡಲಗಳಿಗೆಂದು ಮಾಡಿದ್ದು. 'ವಿಷದ ಸೂಜಿ ಚುಚ್ಚಲಿಲ್ಲ' ಎಂದು ವೈದ್ಯರ ಮೇಲೆ ಏರಿಹೋಗುವವರು ಇದನ್ನು ತಿಳಿದಿರಬೇಕು.

ಅಂದರೆ ಚೇಳಿನ ಸಾವಿಗೆ ಮದ್ದಿಲ್ಲ ಎನ್ನುವಂತಿಲ್ಲ. ನಾಲ್ಕು ದಶಕದ ಹಿಂದೆಯೇ ಮದ್ದು ಸಿಕ್ಕಿದೆ, ಅದೂ ನಮ್ಮದೇ ರಾಜ್ಯದಲ್ಲಿ. ಮಾತ್ರೆಗೆ ಫ್ರಿಜ್ ಬೇಡ, ತಜ್ಞರೇ ಬೇಕೆಂದಿಲ್ಲ, ಎಂಬಿಬಿಎಸ್ ವೈದ್ಯರು ಕೊಟ್ಟು ರಕ್ತದೊತ್ತಡ ನೋಡುತ್ತಿದ್ದರೆ ಸಾಕು. ಹಾಗಿದ್ದರೂ ಇದು ಸಾರ್ವಜನಿಕ ಆರೋಗ್ಯದ ಹೊರೆಯಾಗಿ ಉಳಿದದ್ದು ಏಕೆ?

ಎಣಿಸದ್ದು ಸರ್ಕಾರದ ಕಣ್ಣಿಗೆ ಇರುವುದೇ ಇಲ್ಲ. 2008ರಲ್ಲಿ ಚಿಪ್ಪೋ ಮತ್ತು ಗಾಯ್ಫೋನ್ ಎಂಬ ಫ್ರೆಂಚ್ ಸಂಶೋಧಕರು ಜಗತ್ತಿನ ಲೆಕ್ಕ ಹಾಕಿದರು: ವರ್ಷಕ್ಕೆ 12 ಲಕ್ಷ ಕಡಿತ, 3,250ಕ್ಕೂ ಹೆಚ್ಚು ಸಾವು, ಅಪಾಯದ ನೆಲದಲ್ಲಿ ಬದುಕುವವರು 230 ಕೋಟಿ. ಅವರು ಗುರುತಿಸಿದ ಏಳು ಅಪಾಯದ ಸೀಮೆಗಳಲ್ಲಿ ದಕ್ಷಿಣ ಭಾರತವೂ ಒಂದು. ಆದರೆ ಇಂಥ ಜಾಗತಿಕ ಅಂದಾಜು ನಿಲ್ಲುವುದು ಆಯಾ ದೇಶ ಕೊಟ್ಟ ಅಂಕಿಗಳ ಮೇಲೆ. ವರದಿ ಮಾಡದ ದೇಶದಲ್ಲಿ ಚೇಳು ಕಡಿಯುವುದೇ ಇಲ್ಲ ಎಂದಾಗುತ್ತದೆ.

ಹಾವಿನ ವಿಷಯದಲ್ಲಿ ಎಣಿಕೆ ಏನು ಮಾಡಿತೆಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮಿಲಿಯನ್ ಡೆತ್ ಸ್ಟಡಿ ಎಂಬ ಅಧ್ಯಯನದವರು ಮನೆಮನೆಗೆ ಹೋಗಿ ಸತ್ತವರ ಕಾರಣ ವಿಚಾರಿಸಿದರು. 2005ರಲ್ಲಿ ಹಾವು ಕಡಿದು ಸತ್ತವರು ಸುಮಾರು 46,000 ಎಂದು 2011ರಲ್ಲಿ ಅವರು ಪ್ರಕಟಿಸಿದಾಗ ಅದು ಸರ್ಕಾರಿ ಆಸ್ಪತ್ರೆಗಳ ಲೆಕ್ಕಕ್ಕಿಂತ 30 ಪಟ್ಟಿಗೂ ಹೆಚ್ಚಿತ್ತು. 2000ದಿಂದ 2019ರವರೆಗಿನ ಒಟ್ಟು ಸಾವು 12 ಲಕ್ಷ ಎಂದು 2020ರಲ್ಲಿ ಇನ್ನೊಂದು ಬರಹ ಬಂತು. ಅಲ್ಲಿಂದ ಮಾತು ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹಾವು ಕಡಿತವನ್ನು ಅವಗಣಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತ್ತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು, ಮಾರ್ಚ್‌ನಲ್ಲಿ ಕೇಂದ್ರದ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು, ನವೆಂಬರ್‌ನಲ್ಲಿ ತಮಿಳುನಾಡು ಕರ್ನಾಟಕದ ದಾರಿ ಹಿಡಿಯಿತು. 2030ರೊಳಗೆ ಸಾವು ಅರ್ಧಕ್ಕಿಳಿಯಬೇಕು ಎನ್ನುವ ಗುರಿಯೂ ಇದೆ. ಇದೆಲ್ಲ ಆಗಬೇಕಾದದ್ದೇ. ಆದರೆ ಅದೇ ಹೊಲದ ಅದೇ ಕಲ್ಲಿನ ಕೆಳಗಿರುವ ಚೇಳು ಈ ಯಾವ ಕಾಗದದಲ್ಲೂ ಹೆಸರು ಪಡೆಯಲಿಲ್ಲ.

ಚೇಳಿನ ಸಾವನ್ನು ಗುರುತಿಸುವುದೂ ಕಷ್ಟ. ಹಾವು ಹಲ್ಲಿನ ಗುರುತು, ಬಾವು, ರಕ್ತ ಬಿಟ್ಟುಹೋಗುತ್ತದೆ. ಚೇಳು ಬಹಳ ಸಲ ಒಂದು ಚುಕ್ಕೆಯನ್ನೂ ಉಳಿಸುವುದಿಲ್ಲ. ಮೂರು ವರ್ಷದ ಮಗು ರಾತ್ರಿ ಅತ್ತು, ವಾಂತಿ ಮಾಡಿ, ಬೆಳಗಾಗುವುದರೊಳಗೆ ಉಸಿರು ಸಿಕ್ಕಿಕೊಂಡು ಹೋದರೆ ಚೀಟಿಯಲ್ಲಿ 'ಹೃದಯಾಘಾತ' ಎಂದೋ 'ಉಸಿರಾಟದ ತೊಂದರೆ' ಎಂದೋ ಬೀಳುತ್ತದೆ. ಅದೂ ಚೀಟಿ ಬರೆಯುವವರಿದ್ದರೆ. 2020ರ ಲೆಕ್ಕದಂತೆ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ 22.5 ಮಾತ್ರ. ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ಹಾವಿಗೆ ಎಕ್ಸ್ 20, ಚೇಳಿಗೆ ಎಕ್ಸ್ 22 ಎಂಬ ಸಂಕೇತಗಳಿವೆ. ಖಾನೆ ಇದೆ, ತುಂಬುವವರಿಲ್ಲ.

ವಿಚಿತ್ರವೆಂದರೆ ಮಹಾರಾಷ್ಟ್ರ ಸರ್ಕಾರಕ್ಕೆ ಚೇಳು ಗೊತ್ತಿಲ್ಲದ್ದೇನೂ ಅಲ್ಲ. ರೈತರ ಅಪಘಾತ ಸಾವಿಗೆ ಎರಡು ಲಕ್ಷ ರೂಪಾಯಿ ಕೊಡುವ ಗೋಪಿನಾಥ ಮುಂಡೆ ಯೋಜನೆಯ ಪಟ್ಟಿಯಲ್ಲಿ ಹಾವಿನ ಪಕ್ಕದಲ್ಲೇ ಚೇಳು ಕಡಿತವೂ ಇದೆ. ಪರಿಹಾರ ಕೊಡುವ ಇಲಾಖೆಗೆ ಗೊತ್ತಿರುವ ಸಾವು ಆರೋಗ್ಯ ಇಲಾಖೆಗೆ ಗೊತ್ತಿರಬೇಕಲ್ಲ. ಆ ಹಣ ಬೇಕಾದರೂ ಸಾವು ಚೇಳಿನಿಂದಲೇ ಆಯಿತೆಂದು ವೈದ್ಯರು ಬರೆದ ಕಾಗದ ಬೇಕು. ಮೊದಲ ರಾತ್ರಿ ಮಂತ್ರದವನ ಮನೆಯಲ್ಲಿ ಕಳೆದವರಿಗೆ, ಚೀಟಿಯಲ್ಲಿ ಬರೀ ಹೃದಯಾಘಾತ ಎಂದು ಬರೆಸಿಕೊಂಡವರಿಗೆ ಆ ಕಾಗದ ಎಲ್ಲಿಂದ ಬರಬೇಕು? ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ಅರ್ಜಿ ಮಾತ್ರ ಮರಾಠಿ ಎನ್ನುವ ಕುಟುಂಬಕ್ಕೆ ಇನ್ನೊಬ್ಬರ ಕೈಕಾಲು ಹಿಡಿಯುವ ಕೆಲಸ ಬೇರೆ.

ಗಡಿಯಲ್ಲಿ ಬದುಕುವವರಿಗೆ ಇದರ ಮೇಲೆ ಇನ್ನೊಂದು ತೊಡಕಿದೆ. ಜತ್ತದ ಪೂರ್ವದ ಹಳ್ಳಿಗಳಿಂದ ಜಿಲ್ಲಾ ಕೇಂದ್ರ ಸಾಂಗಲಿಯಾಗಲಿ, ಸರ್ಕಾರಿ ವೈದ್ಯಕೀಯ ಕಾಲೇಜಿರುವ ಮಿರಜವಾಗಲಿ ಬಹಳ ದೂರ, ವಿಜಯಪುರ ಹತ್ತಿರ. ತಿಳಿದವರು ಗಾಡಿ ಸಿಕ್ಕ ಕೂಡಲೇ ವಿಜಯಪುರದ ದಾರಿ ಹಿಡಿಯುತ್ತಾರೆ, ಅದು ಸರಿಯೂ ಹೌದು. ಆದರೆ ರೋಗಿ ದಾಖಲಾಗುವುದು ಕರ್ನಾಟಕದ ಆಸ್ಪತ್ರೆಯ ಪುಸ್ತಕದಲ್ಲಿ. ಊರಿನ ಆರೋಗ್ಯ ಕೇಂದ್ರಕ್ಕೆ ಆ ಸುದ್ದಿ ಬರುವುದು ಚಹಾದಂಗಡಿಯ ಮೂಲಕ. ಜತ್ತ ತಾಲ್ಲೂಕಿಗೆ ಎಷ್ಟು ಮಾತ್ರೆ ಬೇಕು, ಯಾವ ತಿಂಗಳು ಬೇಕು ಎಂದು ಲೆಕ್ಕ ಹಾಕುವವರ ಮುಂದಿನ ಹಾಳೆ ಖಾಲಿ. 108 ಎರಡೂ ರಾಜ್ಯದಲ್ಲಿದೆ, ಎರಡೂ ಬೇರೆ ಬೇರೆ ವ್ಯವಸ್ಥೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಕರ್ನಾಟಕದ 865 ಹಳ್ಳಿಗಳಿಗೆ ತನ್ನ ಆರೋಗ್ಯ ವಿಮೆ ವಿಸ್ತರಿಸಿದಾಗ ಎರಡೂ ಕಡೆಯವರು ತಿಂಗಳುಗಟ್ಟಲೆ ಕಿತ್ತಾಡಿದರು. ರಾಜಕೀಯಕ್ಕೆ ಬೇಕಾದಾಗ ಯೋಜನೆ ಗಡಿ ದಾಟಬಲ್ಲದು. ಒಬ್ಬ ರೋಗಿಯ ವಿವರದ ಒಂದು ಸಾಲು ವಿಜಯಪುರದಿಂದ ಉಮದಿಗೆ ದಾಟಲಾರದು.

ಕಡಿತ ಹೆಚ್ಚುವ ಕಾರಣಗಳನ್ನು ನೋಡಿದರೆ ಈ ಸಮಸ್ಯೆ ಆರೋಗ್ಯ ಇಲಾಖೆಯೊಂದರದ್ದಲ್ಲ. ಪಂಪ್‌ಸೆಟ್ಟಿಗೆ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಿದ್ದ ವಾರ ರೈತ ಕತ್ತಲಲ್ಲಿ ನೀರು ಹಾಯಿಸಬೇಕು. ಬ್ಯಾಟರಿ ಒಂದು ಕೈಯಲ್ಲಿ, ಸಲಿಕೆ ಇನ್ನೊಂದರಲ್ಲಿ, ಕಾಲು ಬರಿಗಾಲು, ಯಾಕೆಂದರೆ ಕೆಸರಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ. ನೀರು ಬಿಲಕ್ಕೆ ನುಗ್ಗಿದ ಕೂಡಲೇ ಚೇಳು ಬದುವಿಗೆ ಹತ್ತುತ್ತದೆ, ರೈತನೂ ನಿಂತಿರುವುದು ಬದುವಿನ ಮೇಲೆಯೇ. ಮಹಾರಾಷ್ಟ್ರ 2023ರಲ್ಲಿ ಎರಡನೇ ಹಂತಕ್ಕೆ ತಂದ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ ಹಗಲು ಕರೆಂಟು ಕೊಡುವ ಮಾತಾಡುತ್ತದೆ. ಅದನ್ನು ಇಂಧನ ಉಳಿತಾಯದ ಯೋಜನೆಯೆಂದೇ ಎಲ್ಲರೂ ಬರೆಯುತ್ತಾರೆ. ನನಗೆ ಅದು ಹಾವು, ಚೇಳು ಕಡಿತ ತಡೆಯುವ ಯೋಜನೆಯಾಗಿಯೂ ಕಾಣುತ್ತದೆ.

ಬರದ ಜತ್ತಕ್ಕೆ ಮ್ಹೈಸಾಳ ಏತ ನೀರಾವರಿಯ ನೀರು ಬರುತ್ತಿರುವುದು ಸಂತೋಷದ ಸುದ್ದಿ. ನೀರು ಬಂದಲ್ಲಿ ಬೀಳು ನೆಲ ಒಡೆಯುತ್ತಾರೆ, ಕಲ್ಲು ಆರಿಸಿ ಒಟ್ಟುತ್ತಾರೆ, ದಾಳಿಂಬೆ, ದ್ರಾಕ್ಷಿ, ಕಬ್ಬು ಬರುತ್ತವೆ. ಹಳೆಯ ಬಿಲ ಕಳೆದುಕೊಂಡ ಚೇಳು ಹೊಸ ಜಾಗ ಹುಡುಕುತ್ತದೆ. ಈ ಬದಲಾವಣೆಯ ಕೆಲವು ವರ್ಷ ಎಚ್ಚರದ ವರ್ಷಗಳು.

ಕಬ್ಬು ಕಡಿಯುವವರ ಪಾಡು ಎಲ್ಲಕ್ಕಿಂತ ಕೆಟ್ಟದ್ದು. ದೀಪಾವಳಿ ಸುಮಾರಿಗೆ ಗಂಡ, ಹೆಂಡತಿ, ಮಕ್ಕಳು ಗಂಟು ಕಟ್ಟಿಕೊಂಡು ಕೊಲ್ಲಾಪುರ, ಬೆಳಗಾವಿ ಕಡೆಯ ಕಾರ್ಖಾನೆಗಳಿಗೆ ಹೋಗುತ್ತಾರೆ. ಅಲ್ಲಿ ವಾಸ ಖೋಪಿ ಎನ್ನುವ ಗುಡಿಸಲಲ್ಲಿ, ನೆಲಕ್ಕೆ ರವದಿ, ಅಂದರೆ ಕಬ್ಬಿನ ಒಣಗರಿ, ಅದರ ಮೇಲೆ ಹರಕು ಚಾದರ. ಬೆಳಗಿನ ಜಾವ ನಾಲ್ಕಕ್ಕೆ ತಾಯಿ ಗದ್ದೆಗೆ ಹೊರಟಾಗ ಮಗು ಅದೇ ರವದಿಯ ಮೇಲೆ ಮಲಗಿರುತ್ತದೆ. ಕಡಿದರೆ ಊರಿನ ಆಶಾ ಕಾರ್ಯಕರ್ತೆ ಅಲ್ಲಿಲ್ಲ, ಅಲ್ಲಿಯ ಆಶಾ ಕಾರ್ಯಕರ್ತೆಗೆ ಇವರು ಯಾರೆಂದು ಗೊತ್ತಿಲ್ಲ. ಕೂಲಿಗಳನ್ನು ಕರೆತರುವ ಮುಕಾದಮನ ಮೋಟರ್‌ಸೈಕಲ್ಲೇ ಅಂಬುಲೆನ್ಸು, ಅದೂ ಅವನ ಮರ್ಜಿಯ ಮೇಲೆ. ಹೆಂಗಸರಿಗೆ ಕಡಿಯುವುದು ಹೆಚ್ಚಾಗಿ ಕೈಬೆರಳಿಗೆ: ಕುಳ್ಳು ತೆಗೆಯುವಾಗ, ಕಟ್ಟಿಗೆ ಎಳೆಯುವಾಗ, ಮೂಲೆಯ ಮಡಕೆ ಸರಿಸುವಾಗ. ಚಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಬರಿಗಾಲಲ್ಲಿ ರಾತ್ರಿಯೂ ನಡೆಯುವ ಪಾದಯಾತ್ರಿಗಳನ್ನು ಈ ಲೆಕ್ಕದಲ್ಲಿ ಯಾರೂ ನೆನೆಯುವುದಿಲ್ಲ. ದಾರಿಯುದ್ದಕ್ಕೂ ಪ್ರಸಾದದ ಪೆಂಡಾಲು, ಕಾಲು ಒತ್ತುವ ಸೇವೆ ಇರುತ್ತದೆ. ಅಲ್ಲೇ ಒಂದು ಪ್ರಥಮ ಚಿಕಿತ್ಸೆಯ ಮೇಜಿಗೂ ಜಾಗವಿದೆ.

ಬೇರೆಯವರು ಏನು ಮಾಡಿದರು ಎಂದು ನೋಡಿದರೆ ದಾರಿ ಕಾಣುತ್ತದೆ. ಮೆಕ್ಸಿಕೋದಲ್ಲಿ ಇಪ್ಪತ್ತನೇ ಶತಮಾನದ ಮಧ್ಯಭಾಗದಲ್ಲಿ ವರ್ಷಕ್ಕೆ ಸಾವಿರಕ್ಕೂ ಮೇಲೆ ಜನ ಚೇಳಿನಿಂದ ಸಾಯುತ್ತಿದ್ದರು. ಈಗಲೂ ಅಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಕಡಿತ ದಾಖಲಾಗುತ್ತದೆ, ಸಾವು ಮಾತ್ರ ನೂರರ ಒಳಗೆ. ಪ್ರತಿವಿಷ ಹಳ್ಳಿಯ ಚಿಕಿತ್ಸಾಲಯದವರೆಗೆ ಹೋಯಿತು, ಸರ್ಕಾರದ ವಾರದ ರೋಗ ವರದಿಯಲ್ಲಿ ಚೇಳು ಕಡಿತಕ್ಕೆ ತನ್ನದೇ ಕಲಂ ಸಿಕ್ಕಿತು. ಬ್ರೆಜಿಲ್‌ನಲ್ಲಿ ವರದಿ ಕಡ್ಡಾಯ. 2014ರಿಂದ 2023ರವರೆಗೆ ಅಲ್ಲಿ 11 ಲಕ್ಷಕ್ಕೂ ಹೆಚ್ಚು ಕಡಿತ ದಾಖಲಾಗಿವೆ. ಅಲ್ಲಿಯ ಹಳದಿ ಚೇಳಿಗೆ ಮರಿ ಹಾಕಲು ಗಂಡೂ ಬೇಕಿಲ್ಲ, ಶಹರದ ಗಟಾರಿನಲ್ಲಿ ಜಿರಲೆ ತಿಂದು ಬೆಳೆಯುತ್ತದೆ. ಎಣಿಸುತ್ತಿದ್ದರಿಂದಲೇ ಅದು ಹಳ್ಳಿಯಿಂದ ಪಟ್ಟಣಕ್ಕೆ ಬಂದದ್ದು ಅವರಿಗೆ ತಿಳಿಯಿತು. ಈಜಿಪ್ಟಿನ ಅಸ್ವಾನ್‌ನಲ್ಲಿ 2021ರ ನವೆಂಬರ್‌ನಲ್ಲಿ ಸುರಿದ ಅಪರೂಪದ ಮಳೆಗೆ ಚೇಳುಗಳು ಮನೆಗಳಿಗೆ ನುಗ್ಗಿ ಸುಮಾರು 500 ಜನರನ್ನು ಕಡಿದವು. ಬೇಸಿಗೆ ಹೆಚ್ಚು ಕಾಯುವ, ಮಳೆ ಒಮ್ಮೆಗೇ ಸುರಿಯುವ ನಮ್ಮ ಕಡೆಗೂ ಅದು ದೂರದ ಸುದ್ದಿಯಲ್ಲ.

ರಾತ್ರಿ ಕಡಿದರೆ ಏನು ಮಾಡಬೇಕು ಎನ್ನುವುದು ಚುಟುಕಾಗಿ ಹೀಗೆ. ಕಟ್ಟು ಹಾಕಬಾರದು, ಕೊಯ್ಯಬಾರದು, ಹೀರಬಾರದು. ಚೇಳು ಹುಡುಕಿ ಕೊಲ್ಲುವುದರಲ್ಲಿ ಹೊತ್ತು ಕಳೆಯಬಾರದು. ದೊಡ್ಡವರಿಗೆ ಬರೀ ನೋವಿದ್ದರೆ ಪ್ಯಾರಾಸಿಟಮಾಲ್ ಕೊಟ್ಟು, ತಣ್ಣೀರ ಬಟ್ಟೆ ಇಟ್ಟು ಗಮನಿಸಬಹುದು. ನೋವು ತಾಳಲಾಗದಿದ್ದರೆ ಆಸ್ಪತ್ರೆಯಲ್ಲಿ ಆ ಜಾಗ ಮರಗಟ್ಟಿಸುವ ಸೂಜಿ ಕೊಡುತ್ತಾರೆ. ವಾಂತಿ, ವಿಪರೀತ ಬೆವರು, ತಣ್ಣನೆಯ ಕೈಕಾಲು, ಎದೆ ಢವಢವ, ಏದುಸಿರು ಇವುಗಳಲ್ಲಿ ಒಂದು ಕಂಡರೂ, ನೋವು ಇಳಿದಿದ್ದರೂ ಹೊರಡಬೇಕು. ಮಗುವಾದರೆ ಲಕ್ಷಣಕ್ಕೆ ಕಾಯಲೇಬಾರದು. ಪ್ರಜೋಸಿನ್ ಮನೆಯಲ್ಲಿ ಅಂದಾಜಿಗೆ ನುಂಗಿಸುವ ಮಾತ್ರೆಯಲ್ಲ. ತೂಕ ನೋಡಿ ವೈದ್ಯರು ಕೊಡಬೇಕು, ಕೊಟ್ಟ ಮೇಲೆ ಮಗುವನ್ನು ಮಲಗಿಸಿಯೇ ಇಡಬೇಕು. ಅಳುತ್ತದೆಂದು ಎತ್ತಿ ಹೆಗಲಿಗೆ ಹಾಕಿಕೊಂಡರೆ ರಕ್ತದೊತ್ತಡ ಒಮ್ಮೆಗೇ ಕುಸಿಯಬಹುದು.

ತಡೆಯುವ ಉಪಾಯಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ನೇರಳಾತೀತ (ಯುವಿ) ಬೆಳಕಿನ ಟಾರ್ಚು. ನೋಟು ಪರೀಕ್ಷಿಸಲು ಅಂಗಡಿಯವರು ಇಡುತ್ತಾರಲ್ಲ, ಅದೇ ಜಾತಿಯದು. ಆ ಬೆಳಕು ಬಿದ್ದರೆ ಚೇಳಿನ ಮೈ ಹಸಿರು ಮಿಶ್ರಿತ ನೀಲಿಯಾಗಿ ಹೊಳೆಯುತ್ತದೆ. ಸಾದಾ ಬ್ಯಾಟರಿಗೆ ಕಲ್ಲಿನ ಬಣ್ಣದಲ್ಲಿ ಬೆರೆತುಹೋಗುವ ಪ್ರಾಣಿ ಹತ್ತು ಹೆಜ್ಜೆ ದೂರದಿಂದಲೇ ಕಾಣುತ್ತದೆ. ಕಾರ್ಖಾನೆಯವರು ಕಬ್ಬು ಕಡಿಯುವ ಗ್ಯಾಂಗಿಗೆ ಕೊಡುವ ಕೋಯ್ತಾ, ಹಗ್ಗದ ಜೊತೆ ಖೋಪಿಗಳ ಸಾಲಿಗೊಂದು ಇಂಥ ಟಾರ್ಚು, ಮಲಗುವ ಮಕ್ಕಳಿಗೆ ನೆಲದಿಂದ ಮೇಲಿರುವ ಒಂದು ಮಂಚ ಕೊಟ್ಟರೆ ಅವರ ಲಾಭದಲ್ಲಿ ಏನೂ ಕಡಿಮೆಯಾಗದು. ಮನೆಯಲ್ಲಾದರೆ ಗೋಡೆಯ ಸಂದು ಮೆತ್ತುವುದು, ಮಂಚ ಗೋಡೆಯಿಂದ ಸರಿಸುವುದು, ಬೆಳಿಗ್ಗೆ ಬೂಟು ಕೊಡವಿ ಹಾಕುವುದು, ಕುಳ್ಳಿನ ರಾಶಿ ಮನೆಯಿಂದ ದೂರ ಒಟ್ಟುವುದು. ಇವು ಹಳಬರಿಗೆ ಗೊತ್ತಿದ್ದ ಮಾತುಗಳೇ.

ಬೇಸಿಗೆಗೆ ಮುಂಚಿನ ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಇಷ್ಟು: ನಮ್ಮ ಆರೋಗ್ಯ ಕೇಂದ್ರದಲ್ಲಿ ಪ್ರಜೋಸಿನ್ ಎಷ್ಟಿದೆ, ಅವಧಿ ಯಾವಾಗ ಮುಗಿಯುತ್ತದೆ, ಚೇಳಿನ ಪ್ರತಿವಿಷ ತಾಲ್ಲೂಕಿನಲ್ಲಿ ಯಾವ ಆಸ್ಪತ್ರೆಯಲ್ಲಿದೆ, ರಾತ್ರಿ ವೈದ್ಯರು ಇರುತ್ತಾರೋ ಇಲ್ಲವೋ, ಹೋದ ವರ್ಷ ಚೇಳು ಕಡಿದು ಬಂದವರು ಎಷ್ಟು ಮಂದಿ. ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅಲ್ಲೇ ಠರಾವು ಮಾಡಿಸಬಹುದು: ಹೊರರೋಗಿ ಪುಸ್ತಕದಲ್ಲಿ ಚೇಳಿಗೊಂದು ಕಲಂ, ಅದರಲ್ಲಿ ವಯಸ್ಸು, ಕಡಿದ ಹೊತ್ತು, ಬಂದ ಹೊತ್ತು, ಎಲ್ಲಿಗೆ ಕಳಿಸಿದರು ಎನ್ನುವ ನಾಲ್ಕು ಖಾನೆ. ವಿಜಯಪುರದಲ್ಲಿ ದಾಖಲಾದವರ ಡಿಸ್ಚಾರ್ಜ್ ಚೀಟಿಯ ಜೆರಾಕ್ಸನ್ನು ಆಶಾ ಕಾರ್ಯಕರ್ತೆಯ ಕೈಯಲ್ಲಿ ಕೊಟ್ಟರೂ ಆಯಿತು, ಆಕೆ ಅದನ್ನು ಆ ಪುಸ್ತಕಕ್ಕೆ ಸೇರಿಸಬಲ್ಲಳು.